ಸೋದರತ್ತೆಯ ಹಾಡು, ನಾಲ್ಕು ದನಿ

ಐರ್ಲೆಂಡಿನ ಭೂಪಟ ಬಿಡಿಸಿ ವಾಯವ್ಯ ಮೂಲೆಯ ಮೇಲೆ ಬೆರಳಿಟ್ಟರೆ ಅಲ್ಲಿ ಡೊನೆಗಾಲ್ ಕೌಂಟಿ ಇದೆ. ಅದೊಂದು ವಿಚಿತ್ರ ಮೂಲೆ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗಿಂತಲೂ ಉತ್ತರಕ್ಕೆ ಚಾಚಿಕೊಂಡಿದೆ. ಆದರೂ ಆಡಳಿತದಲ್ಲಿ ಜನ ‘ದಕ್ಷಿಣ’ ಎಂದು ಕರೆಯುವ ಐರ್ಲೆಂಡ್ ಗಣರಾಜ್ಯಕ್ಕೆ ಸೇರಿದ್ದು! ಇಡೀ ಕೌಂಟಿಯಲ್ಲಿ ಇಂದು ರೈಲು ಇಲ್ಲ. ರಾಜಧಾನಿ ಡಬ್ಲಿನ್ನಿನಿಂದ ಹೊರಟ ಬಸ್ಸು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿ, ಮತ್ತೆ ಮೊದಲಿನ ದೇಶಕ್ಕೇ ಮರಳಿ, ಲೆಟರ್‌ಕೆನಿ ಪಟ್ಟಣ ತಲುಪುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಹಸಿರು ಹೊಲಗಳು ಮುಗಿದು ಕಂದು ಬಣ್ಣದ ಬಯಲು ಶುರುವಾಗುತ್ತದೆ. ಎದುರಿಗೆ 751 ಮೀಟರ್ ಎತ್ತರದ ಎರಿಗಲ್ ಬೆಟ್ಟ, ಯಾರೋ ಸಕ್ಕರೆ ರಾಶಿ ಸುರಿದಂತೆ ಚೂಪಾಗಿ ನಿಂತಿದೆ. ಅದು ಬೆಳ್ಳಗೆ ಕಾಣುವುದು ಹಿಮದಿಂದಲ್ಲ, ಕ್ವಾರ್ಟ್ಸೈಟ್ ಎಂಬ ಶಿಲೆಯಿಂದ.

ಬೆಟ್ಟ ದಾಟಿ ಕಡಲಿನ ಕಡೆಗೆ ಇಳಿದರೆ ರಾನ್ ನಾ ಫೆರ್ಷ್ಟೆ ಎಂಬ ಪುಟ್ಟ ಊರು. ಇಂಗ್ಲಿಷಿನಲ್ಲಿ ಇದನ್ನು ರಾನಫಾಸ್ಟ್ ಎನ್ನುತ್ತಾರೆ. ಕೆಲವು ನೂರು ಜನರ ಈ ಊರಿನಲ್ಲಿ ದೇವಸ್ಥಾನದ ಗೋಪುರವಿಲ್ಲ, ಕೋಟೆಯಿಲ್ಲ, ನೋಡಲೇಬೇಕಾದ ಸ್ಮಾರಕವೂ ಇಲ್ಲ. ಇಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು.

ಕಲ್ಲು, ಗಾಳಿ, ಭಾಷೆ

ಇಲ್ಲಿನ ನೆಲವೆಲ್ಲ ಗ್ರಾನೈಟ್ ಬಂಡೆ. ಬಂಡೆಗಳ ನಡುವೆ ಲೆಕ್ಕವಿಲ್ಲದಷ್ಟು ಸಣ್ಣ ಕೆರೆಗಳು. ಉಳಿದ ಜಾಗದಲ್ಲಿ ಸಾವಿರಾರು ವರ್ಷ ನೀರಿನಲ್ಲಿ ನೆನೆದು ಪೂರ್ತಿ ಕೊಳೆಯದೆ ಉಳಿದ ಸಸ್ಯಗಳ ಪದರ. ಇದಕ್ಕೆ ಪೀಟ್ ಎಂದು ಹೆಸರು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟೇ ಬೆಳೆಯುವ ಈ ಪದರವನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಜನ ಒಲೆಗೆ ಹಾಕುತ್ತಿದ್ದರು. ಅಟ್ಲಾಂಟಿಕ್ ಸಾಗರದ ಗಾಳಿಗೆ ಎತ್ತರದ ಮರಗಳು ನಿಲ್ಲುವುದು ಕಷ್ಟ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಮಳೆ. 55 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು.

ಇಂಥ ನೆಲದಲ್ಲಿ ಹೊಟ್ಟೆ ತುಂಬುವುದು ಸುಲಭವಿರಲಿಲ್ಲ. ಊರಿನ ಗಂಡಸರು, ಹೆಣ್ಣುಮಕ್ಕಳು ವರ್ಷವರ್ಷವೂ ಸುಗ್ಗಿಯ ಕಾಲಕ್ಕೆ ಸ್ಕಾಟ್ಲೆಂಡಿಗೆ ಆಲೂಗಡ್ಡೆ ಕೀಳುವ ಕೂಲಿಗೆ ಹೋಗುತ್ತಿದ್ದರು. ಬರುವಾಗ ಕೂಲಿಯ ಜೊತೆಗೆ ಹಾಡುಗಳನ್ನೂ ತರುತ್ತಿದ್ದರು. ಚಳಿಗಾಲದ ಉದ್ದನೆಯ ರಾತ್ರಿಗಳಲ್ಲಿ ಒಬ್ಬರ ಮನೆಯ ಒಲೆಯ ಸುತ್ತ ಹತ್ತಾರು ಜನ ಸೇರಿ ಕತೆ, ಹಾಡು ನಡೆಯುತ್ತಿದ್ದವು. ಐರಿಷ್ ಭಾಷೆಯ ಪ್ರಸಿದ್ಧ ಲೇಖಕರಾದ ಶೇಮಸ್ ಓ ಗ್ರಿಯಾನಾ ಮತ್ತು ಶೋಸಫ್ ಮಾಕ್ ಗ್ರಿಯಾನಾ ಸೋದರರು ಹುಟ್ಟಿದ್ದು ಈ ಊರಿನಲ್ಲೇ.

ಇಲ್ಲಿ ಮನೆಮಾತು ಇಂಗ್ಲಿಷ್ ಅಲ್ಲ, ಐರಿಷ್. ಇಂಥ ಪ್ರದೇಶಗಳಿಗೆ ಗೇಲ್ಟಾಕ್ಟ್ ಎಂದು ಹೆಸರು. ರಸ್ತೆಯ ಫಲಕಗಳೂ ಐರಿಷಿನಲ್ಲಿಯೇ ಇರುವುದರಿಂದ ಹೊಸ ಪ್ರವಾಸಿ ತಬ್ಬಿಬ್ಬಾಗುವುದುಂಟು. ಇಂಗ್ಲಿಷ್ ನಕ್ಷೆಯಲ್ಲಿ ಡನ್‌ಗ್ಲೋ ಎಂದಿರುವ ಹತ್ತಿರದ ಪೇಟೆಗೆ ಫಲಕದಲ್ಲಿ ‘ಆನ್ ಕ್ಲೊಹಾನ್ ಲಿಯಾ’ ಎಂದಿರುತ್ತದೆ!

ಒಂಟಿ ದನಿಯ ಸಂಪ್ರದಾಯ

ಈ ಕರಾವಳಿಯ ಹಾಡುಗಾರಿಕೆಗೆ ‘ಶಾನ್ ನೋಸ್’ ಎನ್ನುತ್ತಾರೆ. ‘ಹಳೆಯ ರೀತಿ’ ಎಂದು ಅದರ ಅರ್ಥ. ಹಾಡುವವರು ಒಬ್ಬರೇ. ಪಕ್ಕವಾದ್ಯ ಇಲ್ಲ, ತಾಳದ ಕಟ್ಟು ಇಲ್ಲ. ಮಾತಿನ ಓಟವೇ ಹಾಡಿನ ಓಟ. ಒಂದು ಚರಣದಲ್ಲಿ ಹಾಡಿದ ಗಮಕ ಮುಂದಿನ ಚರಣದಲ್ಲಿ ಹಾಗೇ ಬರಬೇಕೆಂದಿಲ್ಲ. ಹಾಡುವವರು ಮುಖದಲ್ಲಿ ಭಾವ ತೋರಿಸುವುದಿಲ್ಲ. ಕಣ್ಣು ಮುಚ್ಚಿಕೊಂಡೋ ಗೋಡೆ ನೋಡಿಕೊಂಡೋ ಹಾಡುತ್ತಾರೆ. ಕೇಳುಗರಲ್ಲೊಬ್ಬರು ಹಾಡುವವರ ಕೈ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಕೂರುವುದೂ ಉಂಟು.

ರಾನ್ ನಾ ಫೆರ್ಷ್ಟೆಯ ನೆಲಿ ನೀ ಗೋನಲ್ ಎಂಬ ಹೆಣ್ಣುಮಗಳು ಇಂಥ ಹಾಡುಗಳ ಕಣಜವೇ ಆಗಿದ್ದರು. ಅವರ ಬಾಯಿಂದ ಬಂದ 280ಕ್ಕೂ ಹೆಚ್ಚು ಹಾಡುಗಳು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನಪದ ಸಂಗ್ರಹದಲ್ಲಿವೆ. ಅವರ ಸೋದರ ಊರು ಬಿಟ್ಟು ಮೀತ್ ಕೌಂಟಿಯ ಕೆಲ್ಸ್ ಪಟ್ಟಣದಲ್ಲಿ ನೆಲೆಸಿದ್ದರು. ಅವರೂ ಜಾನಪದ ಆಯೋಗಕ್ಕಾಗಿ ಹಾಡುಗಳನ್ನು ಸಂಗ್ರಹಿಸಿದವರು. ಬೇಸಿಗೆ ರಜೆ ಬಂತೆಂದರೆ ಅವರ ಮಕ್ಕಳು ತಂದೆಯ ಊರಿಗೆ ಬರುತ್ತಿದ್ದರು. ಸೋದರತ್ತೆ ನೆಲಿಯ ಹಾಡು ಕೇಳುತ್ತಾ ಬೆಳೆದ ಆ ಮಕ್ಕಳೇ ಮೀಹಾಲ್, ಟ್ರೀನಾ ಮತ್ತು ಮೈರೇಡ್. ಮೀಹಾಲನ ಮನೆತನದ ಹೆಸರು ‘ಓ ಡೋನಲ್’, ತಂಗಿಯರದ್ದು ‘ನೀ ಗೋನಲ್’. ಬೇರೆ ಬೇರೆ ಮನೆತನವೆಂದು ತಿಳಿಯಬೇಡಿ. ಐರಿಷಿನಲ್ಲಿ ಗಂಡಿಗೆ ‘ಓ’, ಹೆಣ್ಣಿಗೆ ‘ನೀ’. ‘ನೀ’ ಬಂದಾಗ ಮುಂದಿನ ಅಕ್ಷರವೂ ಮೆತ್ತಗಾಗುತ್ತದೆ.

ರಜೆಯಲ್ಲಿ ಕೂಡಿದ ನಾಲ್ವರು

1926ರಿಂದ ಈ ಊರಿನಲ್ಲಿ ಕೊಲಾಷ್ಟೆ ವ್ರೀಜೆ ಎಂಬ ಬೇಸಿಗೆ ಕಾಲೇಜು ನಡೆಯುತ್ತಿದೆ. ದೂರದ ಪಟ್ಟಣಗಳ ಮಕ್ಕಳು ಐರಿಷ್ ಕಲಿಯಲು ಇಲ್ಲಿಗೆ ಬರುತ್ತಾರೆ. ಗಡಿಯಾಚೆಯ ಡೆರ್ರಿ ನಗರದ ದಾಹಿ ಸ್ಪ್ರೌಲ್ ಎಂಬ ಯುವಕ ಹೀಗೆ ಊರಿಗೆ ಬಂದಾಗ ಈ ಅಣ್ಣ–ತಂಗಿಯರ ಪರಿಚಯವಾಯಿತು. ನಾಲ್ವರೂ ಹದಿಹರೆಯದವರು, ಇಲ್ಲವೇ ಅದನ್ನು ಆಗಷ್ಟೇ ದಾಟಿದವರು. ಬೀಟಲ್ಸ್ ತಂಡದ ಹಾಡುಗಳನ್ನು ಕೇಳಿ ಬೆಳೆದ ಪೀಳಿಗೆ ಅದು. ಹಲವು ದನಿಗಳು ಬೇರೆ ಬೇರೆ ಸ್ವರದಲ್ಲಿ ಹಾಡಿಯೂ ಒಂದಾಗುವ ಪಾಶ್ಚಾತ್ಯ ‘ಹಾರ್ಮನಿ’ ಅವರ ಕಿವಿಗೆ ಹೊಸದಲ್ಲ. ಅತ್ತೆಯ ಒಂಟಿ ದನಿಯ ಹಾಡಿಗೆ ಅದನ್ನು ಕೂಡಿಸಿದರೆ?

ಪ್ರಶ್ನೆ ಸಣ್ಣದಲ್ಲ. ಶಾನ್ ನೋಸ್ ಹಾಡುವವರು ತಮಗೆ ಬೇಕೆಂದಲ್ಲಿ ನಿಲ್ಲಬಹುದು, ಬೇಕೆಂದಲ್ಲಿ ಉಸಿರು ತೆಗೆದುಕೊಳ್ಳಬಹುದು. ನಾಲ್ವರು ಸೇರಿದರೆ ಆ ಸ್ವಾತಂತ್ರ್ಯ ಇಲ್ಲ. ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಳ್ಳಬೇಕು, ಗಮಕಗಳು ಮೊದಲೇ ನಿಶ್ಚಯವಾಗಬೇಕು. ಅಂದರೆ ಹಾಡಿನ ಸ್ವಭಾವದಲ್ಲೇ ಏನೋ ಒಂದನ್ನು ಬಿಟ್ಟುಕೊಡಬೇಕು. ಹಾಡು ಉಳಿಸಲು ಹೋಗಿ ಹಾಡನ್ನೇ ಕೆಡಿಸಿದಂತಾದರೆ ಏನು ಗತಿ?

ಇಲ್ಲಿ ಸ್ವಲ್ಪ ವಿಜ್ಞಾನವೂ ಇದೆ. ಒಂದು ದನಿ ಸೆಕೆಂಡಿಗೆ 200 ಸಲ ಕಂಪಿಸುವಾಗ ಇನ್ನೊಂದು 300 ಸಲ ಕಂಪಿಸಿದರೆ, ಎರಡಕ್ಕೂ 2:3ರ ಅನುಪಾತ. ಷಡ್ಜ–ಪಂಚಮಗಳ ಸಂಬಂಧ ಇದೇ. ಸರಳ ಅನುಪಾತದ ಸ್ವರಗಳು ಕಿವಿಯಲ್ಲಿ ಜಗಳವಾಡದೆ ಕೂಡುತ್ತವೆ. ಆದರೆ ಗಾಂಧಾರದ ಮಾತು ಬೇರೆ. ಅದು ಸ್ವಲ್ಪ ಮೇಲಿದ್ದರೆ ಪಾಶ್ಚಾತ್ಯರ ‘ಮೇಜರ್’, ಸ್ವಲ್ಪ ಕೆಳಗಿದ್ದರೆ ‘ಮೈನರ್’. ಹಳೆಯ ಐರಿಷ್ ಹಾಡುಗಾರರ ಗಾಂಧಾರ ಕೆಲವೊಮ್ಮೆ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಮಾಮೂಲಿ ಗಿಟಾರ್ ಜೊತೆಗೂಡಿದರೆ ಅದು ಹಾಡನ್ನು ಒಂದು ಕಡೆಗೆ ಎಳೆದುಬಿಡುತ್ತದೆ.

ಇದಕ್ಕೆ ಅವರಿಗೆ ಸಿಕ್ಕ ಒಂದು ಉಪಾಯ ಗಿಟಾರಿನ ಶ್ರುತಿಯನ್ನೇ ಬದಲಾಯಿಸುವುದು. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದಲ್ಲಿ ಬಳಕೆಗೆ ತಂದ ಒಂದು ಹೊಸ ಶ್ರುತಿಯಲ್ಲಿ ಆರು ತಂತಿಗಳು ಡಿ–ಎ–ಡಿ–ಜಿ–ಎ–ಡಿ ಎಂದು ಇರುತ್ತವೆ. ‘ಡಿ’ಯನ್ನು ಷಡ್ಜ ಎಂದುಕೊಂಡರೆ ಇದು ಸ–ಪ–ಸ–ಮ–ಪ–ಸ. ಗಾಂಧಾರವೇ ಇಲ್ಲ! ಹಾಗಾಗಿ ಗಿಟಾರ್ ನೆಲದಂತೆ ಕೆಳಗಿರುತ್ತದೆ, ಹಾಡು ತನ್ನ ದಾರಿಯಲ್ಲಿ ನಡೆಯುತ್ತದೆ. ಐರಿಷ್ ಸಂಗೀತಕ್ಕೆ ಈ ಶ್ರುತಿಯನ್ನು ತಂದ ಮೊದಲಿಗರಲ್ಲಿ ದಾಹಿ ಮತ್ತು ಮೀಹಾಲ್ ಇದ್ದರು.

ಇನ್ನೊಂದು ಅನುಕೂಲ ರಕ್ತದ್ದು, ಮನೆಮಾತಿನದು. ಸ್ವರ ಒಂದೇ ಆದರೂ ‘ಆ’ಕಾರ, ‘ಈ’ಕಾರಗಳನ್ನು ಬಾಯಿ ರೂಪಿಸುವ ರೀತಿ ಬೇರೆಯಾದರೆ ದನಿಗಳು ಪೂರ್ತಿ ಬೆರೆಯುವುದಿಲ್ಲ. ಒಂದೇ ಮನೆಯಲ್ಲಿ ಒಂದೇ ಮಾತು ಕಲಿತ ಒಡಹುಟ್ಟಿದವರಿಗೆ ಆ ತೊಂದರೆ ಕಡಿಮೆ.

ಮಣ್ಣಿನಡಿಯ ಮನೆಗಳ ಹೆಸರು

ತಂಡಕ್ಕೆ ಅವರಿಟ್ಟ ಹೆಸರು ‘ಸ್ಕಾರಾ ಬ್ರೇ’. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿರುವ ಸುಮಾರು 5,000 ವರ್ಷಗಳ ಹಿಂದಿನ ಶಿಲಾಯುಗದ ಹಳ್ಳಿ ಅದು. ಮರಳಿನಡಿ ಹೂತುಹೋಗಿದ್ದ ಆ ಮನೆಗಳು 1850ರ ಒಂದು ಬಿರುಗಾಳಿಯಲ್ಲಿ ಹೊರಗೆ ಕಂಡವು.

1971ರಲ್ಲಿ ಇದೇ ಹೆಸರಿನಲ್ಲಿ ಅವರ ಧ್ವನಿಮುದ್ರಿಕೆ ಹೊರಬಂತು. ಹೊರತಂದದ್ದು ಗೇಲ್ ಲಿನ್ ಎಂಬ ಸಂಸ್ಥೆ. 1953ರಲ್ಲಿ ಐರಿಷ್ ಭಾಷೆಯ ಬೆಳವಣಿಗೆಗೆಂದು ಹುಟ್ಟಿದ ಈ ಸಂಸ್ಥೆ ಮೊದಲು ಹಣ ಕೂಡಿಸಿದ್ದು ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಸ್ಪರ್ಧೆ ನಡೆಸಿ! ಪ್ರೇಮದ ಹಾಡು, ಜೋಗುಳ, ಹಳೆಯ ಕವಿಗಳ ರಚನೆ ಎಲ್ಲ ಆ ತಟ್ಟೆಯಲ್ಲಿದ್ದವು. ಒಂದು ಹಾಡಿನಲ್ಲಿ ಒಬ್ಬರು ಮುಂದೆ, ಉಳಿದವರು ಹಿಂದೆ. ಇನ್ನೊಂದರಲ್ಲಿ ನಾಲ್ವರೂ ಒಟ್ಟಿಗೆ. ಜನಪದ ತಂಡವೊಂದು ಐರಿಷ್ ಹಾಡುಗಳನ್ನು ಹೀಗೆ ಹಾರ್ಮನಿಯಲ್ಲಿ ಮುದ್ರಿಸಿದ್ದು ಅದೇ ಮೊದಲು ಎಂದು ಹೇಳುತ್ತಾರೆ.

ತಂಡ ಹೆಚ್ಚು ಕಾಲ ಉಳಿಯಲಿಲ್ಲ. ಹೊರಬಂದದ್ದು ಆ ಒಂದೇ ತಟ್ಟೆ. ಮೀಹಾಲ್ ಮತ್ತು ಟ್ರೀನಾ ಮುಂದೆ ‘ಬಾತಿ ಬ್ಯಾಂಡ್’ ಎಂಬ ಹೆಸರಾಂತ ತಂಡ ಸೇರಿದರು. ಆದರೆ ಮೀಹಾಲ್ ನಡುವೆ ಒಂದು ಕೆಲಸ ಮಾಡಿದ. ಟೇಪ್ ರೆಕಾರ್ಡರ್ ಹಿಡಿದು ರಾನ್ ನಾ ಫೆರ್ಷ್ಟೆಗೆ ಮರಳಿ, ಅತ್ತೆ ನೆಲಿಯ ಮುಂದೆ ಕೂತ. ಗಿಟಾರ್ ಇಲ್ಲ, ಹಾರ್ಮನಿ ಇಲ್ಲ. ಆಕೆ ಹಾಡಿದಂತೆಯೇ, ಆಕೆಯ ಉಸಿರು ನಿಂತಲ್ಲಿಯೇ ನಿಲ್ಲುವಂತೆ, ಹಾಡುಗಳನ್ನು ಒಂದೊಂದಾಗಿ ದಾಖಲಿಸಿದ. ಹಾಡನ್ನು ಬದಲಾಯಿಸುವ ಧೈರ್ಯ ಮಾಡಿದ ಹುಡುಗನೇ ಮೂಲವನ್ನು ಮುಟ್ಟದೆ ಕಾದಿಡುವ ಕೆಲಸವನ್ನೂ ಮಾಡಿದ. ತಟ್ಟೆಯಲ್ಲಿ ಬಿಟ್ಟುಕೊಟ್ಟದ್ದೆಲ್ಲ ಟೇಪಿನಲ್ಲಿ ಉಳಿಯಿತು. ಮೀಹಾಲ್ 2006ರಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೆರೆಯೂರಿನ ಕುಟುಂಬ

ಅದೇ ವರ್ಷಗಳಲ್ಲಿ ಕೆಲವೇ ಕಿಲೋಮೀಟರ್ ಆಚೆ, ಮೀನಲೆಕ್ ಎಂಬಲ್ಲಿ, ಲಿಯೋ ಬ್ರೆನನ್ ಎಂಬವರ ಪಬ್ಬಿನಲ್ಲಿ ಅವರ ಮಕ್ಕಳಾದ ಮೋಯಾ, ಕಿಯರಾನ್, ಪೋಲ್ ಮತ್ತು ಅವಳಿ ಸೋದರಮಾವಂದಿರಾದ ನೋಯೆಲ್, ಪಾಡ್ರಿಗ್ ಹಾಡುತ್ತಿದ್ದರು. 1970ರಲ್ಲಿ ಕಟ್ಟಿದ ಈ ತಂಡವೇ ‘ಕ್ಲ್ಯಾನಡ್’. ಇವರ ಮೊದಲ ಧ್ವನಿಮುದ್ರಿಕೆ ಬಂದದ್ದು 1973ರಲ್ಲಿ. ಉತ್ತರ ಐರ್ಲೆಂಡಿನ ಗಲಭೆಯ ಕುರಿತ ಟಿವಿ ನಾಟಕ ‘ಹ್ಯಾರೀಸ್ ಗೇಮ್’ಗಾಗಿ 1982ರಲ್ಲಿ ಅವರು ಐರಿಷಿನಲ್ಲಿ ಹಾಡಿದ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೇರಿತು. ಅದೇ ದನಿಗಳನ್ನು ಮತ್ತೆ ಮತ್ತೆ ಮುದ್ರಿಸಿ ಒಂದರ ಮೇಲೊಂದು ಪದರ ಕೂಡಿಸಿದ್ದರಿಂದ ಆ ಹಾಡು ದೊಡ್ಡ ವೃಂದಗಾನದಂತೆ ಕೇಳುತ್ತದೆ. ಐರಿಷ್ ಒಂದು ಪದವೂ ತಿಳಿಯದ ಲಕ್ಷಾಂತರ ಜನ ಅದನ್ನು ಕೇಳಿದರು.

ಇಂದಿನ ಬೇಸಿಗೆ

ಹಾಡು ಪಟ್ಟಿಯೇರಿದರೆ ಭಾಷೆ ಉಳಿದಂತಾಯಿತೆ? ಲೆಕ್ಕ ಹಾಗೆ ಹೇಳುವುದಿಲ್ಲ. 2022ರ ಜನಗಣತಿಯಲ್ಲಿ ಐರ್ಲೆಂಡಿನ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಆಡುತ್ತೇವೆ ಎಂದವರು ಸುಮಾರು 72,000 ಮಾತ್ರ. ಆ ಕಂದರವನ್ನು ಪಾಠಪುಸ್ತಕವೊಂದೇ ತುಂಬಲಾರದು ಎಂಬುದು ಅಲ್ಲಿನ ಪೋಷಕರಿಗೆ ಗೊತ್ತು. ಹಾಗಾಗಿ ಮಕ್ಕಳನ್ನು ಬೇಸಿಗೆಯಲ್ಲಿ ಮೂರು ವಾರದ ಮಟ್ಟಿಗೆ ಗೇಲ್ಟಾಕ್ಟ್ ಊರುಗಳಿಗೆ ಕಳಿಸುತ್ತಾರೆ. ಮಕ್ಕಳು ಊರವರ ಮನೆಯಲ್ಲೇ ಉಳಿಯುತ್ತಾರೆ. ಆ ಮನೆಗಳಿಗೆ ಸರ್ಕಾರದ ಸಹಾಯಧನವಿದೆ. ಊಟ ಬಡಿಸುವ ‘ಬ್ಯಾನ್ ಎ ಟೀ’, ಎಂದರೆ ಮನೆಯೊಡತಿ, ಐರಿಷಿನಲ್ಲೇ ಕೇಳುತ್ತಾರೆ, ಮಕ್ಕಳು ಐರಿಷಿನಲ್ಲೇ ಉತ್ತರಿಸಬೇಕು. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ, ಸಂಜೆ ಹಾಡು, ಕುಣಿತ. ಕೋವಿಡ್ ಕಾರಣದಿಂದ 2020 ಮತ್ತು 2021ರಲ್ಲಿ ಈ ಕಾಲೇಜುಗಳು ನಡೆಯಲಿಲ್ಲ. ಆ ಎರಡು ಬೇಸಿಗೆ ಊರುಗಳು ಬಿಕೋ ಎಂದವು.

ಸ್ಕಾರಾ ಬ್ರೇಯ ತಟ್ಟೆ 1998ರಲ್ಲಿ ಸಿ.ಡಿ. ರೂಪದಲ್ಲಿ ಮರಳಿ ಬಂತು. ಅದನ್ನು ಕೇಳಿ ಮೆಚ್ಚಿ ಈ ಕಡೆ ಬರುವ ಪ್ರವಾಸಿಗೆ ಊರಿನಲ್ಲಿ ಅದರ ಗುರುತು ಹೆಚ್ಚೇನೂ ಕಾಣದಿರಬಹುದು. ಬಂಡೆ, ಕೆರೆ, ಬಿಳಿಯ ಮನೆಗಳು, ದೂರದಲ್ಲಿ ಎರಿಗಲ್. ಆದರೆ ಜುಲೈ ತಿಂಗಳ ಸಂಜೆ, ಒಂಬತ್ತರ ಬೆಳಕಿನಲ್ಲಿ, ಕಾಲೇಜಿನ ಸಭಾಂಗಣದ ಹೊರಗೆ ನಿಂತರೆ ಪಟ್ಟಣದ ಮಕ್ಕಳು ಊರಿನ ಹಾಡುಗಳನ್ನು ಕಲಿಯುವುದು ಕೇಳಿಸುತ್ತದೆ. ಉಚ್ಚಾರ ಇನ್ನೂ ಕೂಡಿರುವುದಿಲ್ಲ, ಒಬ್ಬೊಬ್ಬರದ್ದು ಒಂದೊಂದು ಶ್ರುತಿ. ಮೂರು ವಾರ ಮುಗಿಯುವ ಹೊತ್ತಿಗೆ ಒಂದಷ್ಟು ಹದಕ್ಕೆ ಬರುತ್ತದೆ. ಆಮೇಲೆ ಬಸ್ಸು ಬಂದು ಮಕ್ಕಳನ್ನು ಕರೆದೊಯ್ಯುತ್ತದೆ, ಮನೆಯೊಡತಿ ಹಾಸಿಗೆ ಬಟ್ಟೆ ಒಗೆದು ಗಾಳಿಗೆ ಹರವಿ ಮುಂದಿನ ತಂಡಕ್ಕೆ ಸಿದ್ಧತೆ ಮಾಡುತ್ತಾರೆ.