ಒಂದೇ ಗಿರಾಕಿ

1999ರಲ್ಲಿ ನಾನು ಸೇರಿದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಇದ್ದದ್ದು ಒಬ್ಬನೇ ಗಿರಾಕಿ, ಅಮೆರಿಕದ ಒಂದು ಟೆಲಿಕಾಂ ಕಂಪನಿ. ಕೆಲಸಕ್ಕೆಂದು ಮಾಗಡಿಯಿಂದ ಬೆಳಗಿನ ಮೊದಲ ಬಸ್ಸು ಹತ್ತಿದರೆ ತಾವರೆಕೆರೆ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಅಷ್ಟು ದೊಡ್ಡ ಗಿರಾಕಿ ಎಂಬುದು ನನಗೆ ಹೆಮ್ಮೆ. ಅಪ್ಪನಿಗೆ ಅದೇ ಅನುಮಾನ.

ಅಪ್ಪ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕುತ್ತಿದ್ದರು. ಒಮ್ಮೆ ಜೊತೆಗೆ ಹೋಗಿದ್ದೆ. ಸುರಿದ ಗೂಡಿನ ರಾಶಿಯೊಳಗೆ, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಒಬ್ಬ ಕೂಗಿದರೆ ಇನ್ನೊಬ್ಬ ಎರಡು ರೂಪಾಯಿ ಏರಿಸುತ್ತಿದ್ದ. "ಮನೆ ಬಾಗ್ಲಿಗೆ ಬರೋ ಒಬ್ನಿಗೇ ಕೊಟ್ರೆ ಅವ್ನು ಹೇಳಿದ್ದೇ ರೇಟು ಕಣ್ಲಾ. ನಿಮ್ ಕಂಪ್ನಿಗೆ ಇನ್ನೊಬ್ಬ ರೀಲರ್ ಸಿಕ್ಕಿಲ್ವಾ?" ಅಂದರು.

2001ರಲ್ಲಿ ಅಮೆರಿಕದಲ್ಲಿ ಟೆಲಿಕಾಂ ಕುಸಿಯಿತು. ನಮ್ಮ ಗಿರಾಕಿ ಮೊದಲು ದರ ಇಳಿಸಿದ, ಆಮೇಲೆ ಕೆಲಸವನ್ನೇ ನಿಲ್ಲಿಸಿದ. ಕಂಪನಿ ಬಾಗಿಲು ಹಾಕಿತು. ಎರಡು ತಿಂಗಳ ಸಂಬಳ ಇವತ್ತಿಗೂ ಬಾಕಿ.

ಇನ್ಫೋಸಿಸ್‌ನ ಕಥೆಯನ್ನು ಗಮನವಿಟ್ಟು ಓದಿದ್ದು ಕೆಲಸವಿಲ್ಲದ ಆ ದಿನಗಳಲ್ಲಿ. 1995ರಲ್ಲಿ ಅದರ ವರಮಾನದ ಸುಮಾರು ಕಾಲು ಭಾಗ ಜನರಲ್ ಎಲೆಕ್ಟ್ರಿಕ್ ಒಂದರಿಂದಲೇ ಬರುತ್ತಿತ್ತು. ದರ ಇಳಿಸಿ ಎಂದು ಆ ಗಿರಾಕಿ ಪಟ್ಟು ಹಿಡಿದಾಗ ಇವರು ಒಪ್ಪದೆ ಆ ವ್ಯವಹಾರವನ್ನೇ ಬಿಟ್ಟರು. ಮುಂದೆ ಯಾವೊಬ್ಬರ ಪಾಲೂ ಅಷ್ಟು ಬೆಳೆಯದಂತೆ ನೋಡಿಕೊಂಡರು. ನಾವು ಬೀದಿಗೆ ಬಿದ್ದ 2001-02ರಲ್ಲಿ ಅದರ ವರಮಾನ ಸುಮಾರು 1,900 ಕೋಟಿಯಿಂದ 2,600 ಕೋಟಿ ರೂಪಾಯಿಗೆ ಏರಿತು. ನಮ್ಮ ಕೋಡೇನೂ ಕಳಪೆ ಇರಲಿಲ್ಲ. ಮಾಡಿದ ಕೆಲಸವನ್ನು ಎಷ್ಟು ಜನರಿಗೆ ಮಾರಬೇಕೆಂದು ಮೇಲೆ ಕೂತವರು ಯೋಚಿಸಿರಲಿಲ್ಲ, ಅಷ್ಟೇ. ದರ ಬಿಡದ ಹಟಕ್ಕೂ ಬೆಲೆ ತೆರಬೇಕಾಗುತ್ತದೆ ಎನ್ನುವುದು ನಿಜ. ಕಡಿಮೆ ಲಾಭಕ್ಕೆ ಒಪ್ಪಿ ಬೆಳವಣಿಗೆಗೆ ಹಣ ಸುರಿದ ಅದೇ ವ್ಯವಹಾರದ ಕಾಗ್ನಿಜೆಂಟ್ 2012ರಲ್ಲಿ ವರಮಾನದಲ್ಲಿ ಇನ್ಫೋಸಿಸ್ಸನ್ನು ದಾಟಿತು.

ಈಗ ಮಗಳು ವಿದೇಶಿ ಬ್ಯಾಂಕೊಂದರ ಬೆಂಗಳೂರು ಕೇಂದ್ರದಲ್ಲಿದ್ದಾಳೆ. ಹೊರಗೆ ಕೊಡುತ್ತಿದ್ದ ಕೆಲಸವನ್ನು ಗಿರಾಕಿಗಳೇ ಇಲ್ಲಿಗೆ ಬಂದು, ತಮ್ಮದೇ ಜನರನ್ನಿಟ್ಟು ಮಾಡಿಸುವ ಕಾಲ. ವಾರದಲ್ಲಿ ಎರಡು ದಿನ ಅವಳು ಮಾಗಡಿಯ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಅಪ್ಪ ಹುಳು ಸಾಕುತ್ತಿದ್ದ ಕೋಣೆಯಲ್ಲಿ.

"ನಿಮಗೆಷ್ಟು ಗಿರಾಕಿ?" ಎಂದು ಕೇಳಿದೆ.

"ಒಂದೇ ಅಪ್ಪ, ನಮ್ ಬ್ಯಾಂಕೇ."

ಆರು ತಿಂಗಳ ಖರ್ಚು ಎತ್ತಿಟ್ಟುಕೋ ಅಂದೆ. ಸೇರಿದ ವರ್ಷವೇ ಎತ್ತಿಟ್ಟಿದ್ದಾಳಂತೆ.