ಸಾಲಿನಲ್ಲಿ ಒಬ್ಬ ಇಲ್ಲದಿದ್ದರೆ

ಮೇ ತಿಂಗಳಲ್ಲಿ ನಮ್ಮ ಪಾಮನಕಲ್ಲೂರಲ್ಲಿ ಲ್ಯಾಪ್‌ಟಾಪ್ ತೆರೆದರೆ ಫ್ಯಾನು ಹಿಟ್ಟಿನ ಗಿರಣಿಯಂಗೆ ಕೂಗುತ್ತದೆ. "ನಿನ್ ಡಬ್ಬಿಗೂ ಝಳ ಹತ್ತೇತೇನಪ?" ಅಂತ ಅಪ್ಪ ನಗ್ತಾನೆ. ನಾವು ಬರೆಯೋ ಕೋಡು ಎಷ್ಟೇ ಚುರುಕಿರಲಿ, ಬಿಸಿ ಹೊರಹೋಗದಿದ್ದರೆ ಚಿಪ್ಪು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಈ ಬಿಸಿ ಸಾಗಿಸೋಕೆ ಕಾರ್ಬನ್ ನ್ಯಾನೊಟ್ಯೂಬ್ ಮೇಲೆ ಎಲ್ಲರ ಕಣ್ಣು. ತಾಮ್ರದ ಉಷ್ಣವಾಹಕತೆ ಸುಮಾರು 400. 2001ರಲ್ಲಿ ಒಂದೇ ಕೊಳವೆಯನ್ನು ಅಳೆದಾಗ ಅದೇ ಮಾನದಲ್ಲಿ ಬಂದದ್ದು 3000ಕ್ಕೂ ಹೆಚ್ಚು.

ತಾಮ್ರದಲ್ಲಿ ಬಿಸಿ ಹೊರೋದು ಎಲೆಕ್ಟ್ರಾನುಗಳು. ಇಲ್ಲಿ ಪರಮಾಣುಗಳ ನಡುಕ. ಹೊಲದ ಬದುವಿಗೆ ಕಲ್ಲನ್ನ ಕೈಯಿಂದ ಕೈಗೆ ದಾಟಿಸ್ತೀವಲ್ಲ, ಹಂಗ. ಆರು ಮೂಲೆಯ ಜೇನುಗೂಡಿನಂಥ ಜಾಲ ನೆಟ್ಟಗಿದ್ದರೆ ನಡುಕ ದೂರ ಓಡುತ್ತದೆ. ಒಂದು ಬೆಸುಗೆ ತಿರುಗಿ ಐದು, ಏಳು ಮೂಲೆಯ ಮನೆಗಳಾದರೆ (ಸ್ಟೋನ್-ವೇಲ್ಸ್ ದೋಷ) ಸಾಲಿನಲ್ಲೊಬ್ಬ ಅಡ್ಡಮುಖ ಮಾಡಿ ನಿಂತಂಗೆ. ಪರಮಾಣುವೇ ಇಲ್ಲದಿದ್ದರೆ ಇನ್ನೂ ಕಷ್ಟ: ಆಳೇ ಇಲ್ಲ, ಕಲ್ಲು ಯಾರ ಕೈಗೆ ಕೊಡೋದು? ನಡುಕ ಚದುರಿ, ಒಂದಿಷ್ಟು ಬಂದ ದಾರಿಗೇ ವಾಪಸು. ನೂರಕ್ಕೊಂದು ಪರಮಾಣು ಹೋದರೆ ವಾಹಕತೆ ಇಳಿಯೋದು ನೂರಕ್ಕೊಂದಲ್ಲ, ಅದರ ಎಷ್ಟೋ ಪಟ್ಟು.

ಕಿಲೋಗಟ್ಟಲೆ ತಯಾರಾಗೋ ಕೊಳವೆಗಳಲ್ಲಿ ಇಂಥ ತೂತು ಇದ್ದೇ ಇರ್ತವೆ. ಒಂದರಿಂದ ಇನ್ನೊಂದಕ್ಕೆ ದಾಟೋ ಜಾಗದಲ್ಲಂತೂ ಬಿಸಿ ತಡವರಿಸುತ್ತದೆ. ಹಿಂಗಾಗಿ ಯಾರಾದರೂ 3000 ಅಂದರೆ ನಾನು ಕೇಳೋದು: ಯಾವ ಕೊಳವೆ, ಎಷ್ಟು ಉದ್ದ, ಎಷ್ಟು ತೂತು?