ಹೊಸ್ತಿಗೆ ಬಾ ಮಗಾ

ಆಶೀರ್ವಾದ, ಕ್ಷೇಮ ಸಮಾಚಾರ ಎಂದು ಎರಡು ಸಾಲು ಮುಗಿದದ್ದೇ ಮಳೆ ಬರುತ್ತದೆ. ಆಮೇಲೆ ಗದ್ದೆ, ಹೋರಿ, ದನ, ಗೇಣಿ, ಮನಿಯಾರ್ಡರು. ಮನೆಯವರ ಆರೋಗ್ಯದ ಸುದ್ದಿ ಬರುವಷ್ಟರಲ್ಲಿ ಇನ್‌ಲ್ಯಾಂಡಿನ ಜಾಗ ಮುಗಿಯುತ್ತ ಬಂದಿರುತ್ತದೆ. ಅರುವತ್ತರ ದಶಕದ ಒಂದು ಮಳೆಗಾಲದಲ್ಲಿ ಕೋಟದ ಪಕ್ಕದ ಗಿಳಿಯಾರಿನಿಂದ ನನ್ನ ಅಜ್ಜಯ್ಯ ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಮಗನಿಗೆ, ಅಂದರೆ ನನ್ನ ಅಪ್ಪಯ್ಯನಿಗೆ, ಬರೆದ ಕಾಗದ ಇದು. ಅಪ್ಪಯ್ಯ ಊರಿಗೆ ಮರಳುವಾಗ ಇದನ್ನು ಟ್ರಂಕಿನಲ್ಲಿಟ್ಟು ತಂದರು. ಗೇಣಿ ರಶೀದಿಗಳನ್ನು ಚುಚ್ಚಿಡುತ್ತಿದ್ದ ತಂತಿಗೇ ಇದನ್ನೂ ಚುಚ್ಚಿಟ್ಟರು. ರಶೀದಿಯನ್ನು ಜೀವದಂತೆ ಕಾಯಬೇಕಾಗಿದ್ದ ಕಾಲ ಅದು. ಅದರ ಜತೆ ಕಾಗದವೂ ಉಳಿಯಿತು.

“ಮಳೆ ತಡವಾಗಿ ಬಂತು, ಬಂದದ್ದು ಬಿಡಲಿಲ್ಲ. ಬೈಲಿಗೆ ನೆರೆ ಹತ್ತಿ ಅಗೆ ಕೊಳೆಯಿತು. ಪುನಃ ಬಿತ್ತಿದ್ದೇನೆ. ಬಿತ್ತಕ್ಕೆ ಮೇಲ್ಮನೆಯಿಂದ ಒಂದು ಮುಡಿ ತಂದದ್ದು.” ಇಷ್ಟೇ ಬರೆದಿದ್ದಾರೆ. ಓದುವವನು ಅದೇ ಮಣ್ಣಿನವನಾದ್ದರಿಂದ ಇಷ್ಟು ಸಾಕಾಗಿತ್ತು. ಬೈಲು ಎಂದರೆ ತಗ್ಗಿನ ಗದ್ದೆ. ಎತ್ತರದ ಬೆಟ್ಟು ಗದ್ದೆ ಮಳೆಗಾಲದ ಒಂದೇ ಬೆಳೆಗೆ ಸುಸ್ತಾಗುತ್ತದೆ; ಬೈಲಿನಲ್ಲಿ ನೀರು ನಿಲ್ಲುವುದರಿಂದ ಮಳೆಗಾಲದ ಕಾರ್ತಿ ಬೆಳೆಯ ಮೇಲೆ ಎರಡನೆಯದಾಗಿ ಸುಗ್ಗಿಯನ್ನೂ ಬೆಳೆಯಬಹುದು. ಮನೆಯ ಅನ್ನವೆಲ್ಲ ಬೈಲಿನದ್ದು, ನೆರೆ ಮೊದಲು ಹತ್ತುವುದೂ ಬೈಲಿಗೇ. ಒಮ್ಮೆ ಅಗೆ, ಅಂದರೆ ಭತ್ತದ ಸಸಿ, ಕೊಳೆತರೆ ಎರಡನೆಯ ಸಲ ಬಿತ್ತಲು ಬೀಜ ಬೇಕು. ಬೀಜದ ಭತ್ತವನ್ನು ಒಣಹುಲ್ಲಿನೊಳಗೆ ಹಾಕಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿ ಇಡುತ್ತಿದ್ದದ್ದೇ ಮುಡಿ. ಮೂರು ಕಳಸೆಗೆ ಒಂದು ಮುಡಿ. ಆಷಾಢದ ಹಸಿವಿನಲ್ಲೂ ಬಿತ್ತದ ಮುಡಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಅದನ್ನು ನೆರೆಮನೆಯಿಂದ ಕೇಳಿ ತರಬೇಕಾದರೆ ಅಜ್ಜಯ್ಯನಂಥ ಬಿಗಿ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು! ಕಾಗದದಲ್ಲಿ ಕಷ್ಟ ಎಂಬ ಮಾತೇ ಇಲ್ಲ. ಒಂದು ಮುಡಿ ಎಂದು ಲೆಕ್ಕ ಮಾತ್ರ ಕೊಟ್ಟಿದ್ದಾರೆ.

ಮುಂದಿನ ಸಾಲನ್ನು ನಾನು ಬಹಳ ಸಲ ಓದಿದ್ದೇನೆ. “ಸುಗ್ಗಿಯ ಗೇಣಿಯಲ್ಲಿ ಎರಡು ಮುಡಿ ಬಾಕಿ. ಒಡೆಯರು ಏನೂ ಹೇಳಲಿಲ್ಲ.” ಆಗಿನ ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವನಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು; ಚಾಲಗೇಣಿಯವನನ್ನು ಒಡೆಯ ಏಳು ಎಂದರೆ ಏಳಬೇಕಿತ್ತು. ನಮ್ಮದು ಚಾಲಗೇಣಿ. ಒಡೆಯರು ಬೈದರೆ ಅದಕ್ಕೊಂದು ಉತ್ತರವಿರುತ್ತದೆ. ಏನೂ ಹೇಳದೆ ಹೋದರೆ ಮುಂದಿನ ವರ್ಷ ಗದ್ದೆ ನಮ್ಮದೋ ಅಲ್ಲವೋ ಎಂದು ಕಾಯುತ್ತ ಕೂರಬೇಕು. ಆ ಹೆದರಿಕೆಯನ್ನು ಅಜ್ಜಯ್ಯ ಮಗನಿಗೆ ಹೇಳಿಯೂ ಹೇಳದ ಹಾಗೆ ತಿಳಿಸಿದ್ದಾರೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ಕಾನೂನಿನಡಿ ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವರು ಡಿಕ್ಲರೇಶನ್ ಕೊಟ್ಟು ಹಕ್ಕು ಕೇಳುವಂತಾಯಿತು. ನಮ್ಮ ಮನೆಯಲ್ಲೂ ಕೊಟ್ಟರು, ಭೂಮಿ ಸಿಕ್ಕಿತು. ಆ ಕಾನೂನು ಏನು ಮಾಡಿತೆಂದು ಯಾರಾದರೂ ಕೇಳಿದರೆ ನಾನು ಈ ಎರಡು ವಾಕ್ಯಗಳನ್ನು ಓದಿ ಹೇಳುತ್ತೇನೆ.

ಮಗ ಬೆಂಗಳೂರಿಗೆ ಯಾಕೆ ಹೋಗಿದ್ದ ಎಂದು ಬೇರೆ ಹೇಳಬೇಕಾಗಿಲ್ಲ. ಕೋಟದ ಸುತ್ತಿನ ಹುಡುಗರು ಆಗ ಘಟ್ಟ ಹತ್ತಿ ಹೋಟೆಲು ಸೇರುವುದು ಮಾಮೂಲು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೊಡಗಿದ ಹೋಟೆಲು ಮುಂದೆ ಎಂಟಿಆರ್ ಎಂದು ಹೆಸರಾಯಿತು. ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಪಕ್ಕದ ಕೋಡಿಯ ಮೂರು ತಲೆಮಾರಿನ ಕತೆ ಹೇಳುವಾಗ ಇಂಥ ಹೋಟೆಲಿನ ದುಡ್ಡನ್ನೂ ತಂದಿದ್ದಾರೆ. ಹಾಗೆ ಗೆದ್ದವರ ಕತೆ ಊರಿಗೆಲ್ಲ ಗೊತ್ತು. ಲೋಟ ತೊಳೆದು, ಸಪ್ಲೈ ಮಾಡಿ, ಉಳಿದದ್ದನ್ನು ಮನಿಯಾರ್ಡರು ಕಳಿಸಿದ ನೂರಾರು ಹುಡುಗರ ಕತೆ ಇಂಥ ಕಾಗದಗಳಲ್ಲಿ ಮಾತ್ರ ಇದೆ. “ನೀನು ಕಳಿಸಿದ ಹಣ ಮುಟ್ಟಿತು. ಅಂಗಡಿಯ ಬಾಕಿಗೆ ಕೊಟ್ಟೆ. ನಿನ್ನ ಖರ್ಚಿಗೆ ಇಟ್ಟುಕೊಂಡು ಕಳಿಸತಕ್ಕದ್ದು.” ಅಜ್ಜಯ್ಯ ತಮ್ಮ ಪ್ರೀತಿಯನ್ನು ಇಷ್ಟು ಬಾಯಿಬಿಟ್ಟು ಹೇಳಿದ್ದು ಈ ಕಡೆಯ ವಾಕ್ಯದಲ್ಲೊಂದೇ.

ಉಳಿದದ್ದು ಊರಿನ ಸುದ್ದಿ. ಕೆಂಪಿ ದನ ಹೆಣ್ಣು ಕರು ಹಾಕಿತು. ದೊಡ್ಡ ಹೋರಿಗೆ ಕಾಲುಬೇನೆ, ಎಣ್ಣೆ ಹಚ್ಚಿದ್ದು ತಾಗಲಿಲ್ಲ. ತಂಗಿಗೆ ಬಾರ್ಕೂರು ಕಡೆಯಿಂದ ಒಂದು ಪ್ರಸ್ತಾಪ ಬಂದಿದೆ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ಹೇಳಿಕೊಂಡದ್ದು ಬಾಕಿ ಇದೆ, ಮರೆಯಬಾರದು. ಕೊನೆಗೆ, “ನನಗೆ ನಾಲ್ಕು ದಿನ ಜ್ವರ ಇತ್ತು, ಈಗ ಅಡ್ಡಿ ಇಲ್ಲ.”

ನಡುವೆ ಒಂದು ಸಾಲಿನಲ್ಲಿ, “ನೆಟ್ಟಿಗೆ ಹದಿನಾಲ್ಕು ಆಳು ಬಂದಿದ್ದರು” ಎಂದಿದೆ. ಮುಗಿಯಿತು. ಹೋರಿಯ ಕಾಲಿಗೆ ಎರಡು ಸಾಲು, ದನಕ್ಕೆ ಹೆಸರು; ಬೆಳಗಿನಿಂದ ಕತ್ತಲೆವರೆಗೆ ಗೊರಬು ಹೊದ್ದು, ಮೊಣಕಾಲು ಮುಳುಗುವ ಕೆಸರಿನಲ್ಲಿ ಬಗ್ಗಿ ಅಗೆ ನೆಟ್ಟ ಹದಿನಾಲ್ಕು ಹೆಂಗಸರಿಗೆ ಹೆಸರಿಲ್ಲ. ಅಜ್ಜಯ್ಯ ಕೆಟ್ಟವರಲ್ಲ. ಆದರೆ ಒಡೆಯರ ಮನೆಯ ಲೆಕ್ಕದಲ್ಲಿ ನಮ್ಮ ಮನೆ ಇಷ್ಟು ಮುಡಿ ಎಂದು ಇದ್ದ ಹಾಗೆ ನಮ್ಮ ಮನೆಯ ಲೆಕ್ಕದಲ್ಲಿ ಅವರು ಇಷ್ಟು ಆಳು ಎಂದಾದರು. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಕಾಗದದಲ್ಲಿ ಪ್ರಸ್ತಾಪ ಬಂದದ್ದು ಯಾರಿಗೋ ಆ ತಂಗಿ, ನನ್ನ ಅತ್ತೆ, ಈಗ ತುಂಬ ಮುದುಕಿ. ಒಂದು ಸಂಜೆ ಅವರ ಎದುರು ಕೂತು ಕಾಗದ ಓದಿದೆ. ಆಳಿನ ಸಾಲಿಗೆ ಬಂದಾಗ ತಡೆದರು. ಕಣ್ಣು ಮುಚ್ಚಿ, ಗದ್ದೆಯಲ್ಲಿ ಅವರು ನಿಲ್ಲುತ್ತಿದ್ದ ಸಾಲಿನಂತೆಯೇ ಹೆಸರು ಹೇಳುತ್ತ ಹೋದರು: ಯಾರು ಪದ ಎತ್ತುತ್ತಿದ್ದವರು, ಯಾರು ಎಳೆ ಮಗುವನ್ನು ಅಂಚಿನ ಮೇಲೆ ಮಲಗಿಸಿ ಇಳಿಯುತ್ತಿದ್ದವರು, ಮಧ್ಯಾಹ್ನದ ಗಂಜಿಗೆ ಯಾರಿಗೆ ಉಪ್ಪಿನಕಾಯಿ ಹೆಚ್ಚು ಬೇಕಿತ್ತು. ಹದಿಮೂರು ಹೆಸರು ಸಿಕ್ಕಿತು. ಒಬ್ಬರು ಸಿಗಲಿಲ್ಲ. ಸಿಕ್ಕಿದ್ದನ್ನು ನಾನು ಬರೆದುಕೊಂಡೆ.

ಕಾಗದದ ಅಂಚಿನಲ್ಲಿ, ಅಂಟು ಹಚ್ಚುವ ಜಾಗ ತಪ್ಪಿಸಿ, ಅಡ್ಡಕ್ಕೆ ಬರೆದ ಇನ್ನೊಂದು ಮಾತಿದೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಜ್ಜಯ್ಯ ಬರೆದದ್ದೆಲ್ಲ ಶಾಲೆಯ ಕನ್ನಡದಲ್ಲಿ. ಆಕೆ ಹೇಳಿದ್ದನ್ನು ಮಾತ್ರ ಆಕೆಯ ಬಾಯಲ್ಲಿ ಬಂದ ಹಾಗೇ ಇಳಿಸಿದ್ದಾರೆ. “ಹೊಸ್ತಿಗೆ ಬಾ ಮಗಾ. ಉಂಡ್ಕಂಡ್ ಹೋಯ್ಲಕ್.” ಹೊಸ ಕದಿರು ತಂದು, ಮಾವಿನೆಲೆ ಹಲಸಿನೆಲೆಯೊಂದಿಗೆ ಬಾಗಿಲಿಗೆ, ಕಂಬಕ್ಕೆ, ನೇಗಿಲಿಗೆ ಕಟ್ಟಿ, ಹೊಸ ಅಕ್ಕಿಯ ಅನ್ನವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನವೇ ಹೊಸ್ತು. ಅಗೆ ಕೊಳೆತು, ಬೀಜ ಸಾಲ ತಂದು, ಎರಡನೆಯ ಸಲ ನೆಟ್ಟ ಪೈರು ಇನ್ನೂ ಬೇರು ಹಿಡಿಯುವ ಮೊದಲೇ ಆಕೆ ಆ ಊಟಕ್ಕೆ ಮಗನನ್ನು ಕರೆದಿದ್ದಾಳೆ. ಆ ವರ್ಷ ಅಪ್ಪಯ್ಯ ಬರಲಿಲ್ಲ. ಹೊಸ್ತು ಬರುವ ನವರಾತ್ರಿಯ ಹೊತ್ತಿಗೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಇಂಥ ಕಾಗದಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತೆಗೆದು, ಗೆದ್ದಲು ಕೊಡವಿ, ಮನೆಯ ಹಿರಿಯರ ಎದುರು ಗಟ್ಟಿಯಾಗಿ ಓದಿ. ಅವರು ನಡುವೆ ತಡೆದು ಏನು ಹೇಳುತ್ತಾರೋ ಅದನ್ನು ಅಲ್ಲೇ ಬರೆದುಕೊಳ್ಳಿ. ನೆಟ್ಟಿಗೆ ಯಾರು ಯಾರು ಬರುತ್ತಿದ್ದರು ಎಂದು ಹೆಸರು ಹಿಡಿದು ಕೇಳಿ. ಹೇಳಬಲ್ಲವರು ಈಗ ಮನೆಗೊಬ್ಬರೂ ಉಳಿದಿಲ್ಲ.